ಜರ್ಮನಿಯ ‘ಫುಂಕ್‌ಲೊಖ್’: ಕೈಕೊಡುವ ಮೊಬೈಲ್ ಇಂಟರ್ನೆಟ್ ಇಟ್ಟುಕೊಂಡು ಬಾಳುವ ಬಗೆ

ಜರ್ಮನ್ ಭಾಷೆಯಲ್ಲಿ ‘ಫುಂಕ್‌ಲೊಖ್’ ಎಂಬ ಪದವೊಂದಿದೆ. ಫುಂಕ್ ಎಂದರೆ ರೇಡಿಯೊ, ಲೊಖ್ ಎಂದರೆ ತೂತು. ಮೊಬೈಲ್ ಸಿಗ್ನಲ್ ಮುಟ್ಟದ ಜಾಗವನ್ನು ಇಲ್ಲಿನವರು ಹಾಗೆ ಕರೆಯುತ್ತಾರೆ. ಇಷ್ಟು ದೊಡ್ಡ ಕೈಗಾರಿಕಾ ದೇಶದಲ್ಲಿ ಅಂಥದೊಂದು ಪದ ದಿನಬಳಕೆಯಲ್ಲಿದೆ ಎಂಬುದೇ ಬೆಂಗಳೂರಿನಿಂದ ಬಂದಿಳಿಯುವ ನಮ್ಮ ವಿದ್ಯಾರ್ಥಿಗಳಿಗೂ ಎಂಜಿನಿಯರುಗಳಿಗೂ ಆಶ್ಚರ್ಯ ತರುತ್ತದೆ. ನಾನು ಶಿರಸಿ ತಾಲ್ಲೂಕಿನ ಹಳ್ಳಿಯವನು. ಅಂಗಳದ ತುದಿಯ ಹಲಸಿನ ಮರದ ಬುಡಕ್ಕೆ ಹೋದರೆ ಮಾತ್ರ ರೇಂಜ್ ಸಿಗುವ ಮನೆಯಲ್ಲಿ ಬೆಳೆದವನಾದ್ದರಿಂದ ಸಿಗ್ನಲ್ ಇಲ್ಲದ ಜಾಗ ನನಗೆ ಹೊಸದಲ್ಲ. ಹೊಸದಾಗಿದ್ದದ್ದು, ಬ್ಯಾಂಕು, ರೈಲು, ಕಚೇರಿ, ವೈದ್ಯರ ಸಮಯ ಎಲ್ಲವೂ ಫೋನಿನೊಳಗೇ ಇರುವ ದೇಶದಲ್ಲಿ ಆ ಫೋನು ಮೂಕವಾಗುವುದು.

ನಾನು ವಾಸವಾಗಿರುವುದು ಶ್ವಾರ್ಟ್ಸ್‌ವಾಲ್ಡ್ ಕಾಡುಪ್ರದೇಶದಲ್ಲಿ, ಫ್ರಾಯ್ಡೆನ್‌ಷ್ಟಾಟ್ ಪಟ್ಟಣಕ್ಕೆ ಸಮೀಪದ ಒಂದು ಕಣಿವೆಯಲ್ಲಿ. ಬಂದ ಮೊದಲ ಚಳಿಗಾಲದಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ನನಗೆ ಒಂಬತ್ತು ಗಂಟೆ ತಡವಾಗಿ ತಲುಪಿತು. ಅಮ್ಮ ಇಡೀ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡುತ್ತಲೇ ಇದ್ದಳು, ನನ್ನ ಫೋನು ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು, ಆದರೆ ಆ ಕೋಣೆಗೆ ಸಿಗ್ನಲ್ ಇರಲಿಲ್ಲ. ಅಪ್ಪ ಗುಣವಾಗಿ ಮನೆಗೆ ಬಂದರು. ಆ ಒಂಬತ್ತು ಗಂಟೆಗಳನ್ನು ಮಾತ್ರ ನಾನು ಮರೆಯಲಾರೆ, ಮತ್ತು ಬೇರೆ ಯಾರಿಗೂ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಟವರು ಹಾಕಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಯಾವ ಮುಖ್ಯ ಕೆಲಸವೂ ಒಂದೇ ಸಿಮ್ಮಿನ, ಒಂದೇ ಗಳಿಗೆಯ ಸಿಗ್ನಲ್ಲಿಗೆ ಜೋತುಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ತೂತು ಎಲ್ಲಿಂದ ಬಂತು

ಕಾರಣ ತಿಳಿದಿದ್ದರೆ ಎಲ್ಲಿ ಸಿಗ್ನಲ್ ನಿರೀಕ್ಷಿಸಬೇಕು, ಎಲ್ಲಿ ನಿರೀಕ್ಷಿಸಬಾರದು ಎಂಬ ಅಂದಾಜು ಸಿಗುತ್ತದೆ. 2000ದಲ್ಲಿ ಜರ್ಮನ್ ಸರ್ಕಾರ 3ಜಿ ತರಂಗಾಂತರಗಳನ್ನು ಹರಾಜು ಹಾಕಿದಾಗ ಕಂಪನಿಗಳು ಸುಮಾರು 5,000 ಕೋಟಿ ಯೂರೊ ತೆತ್ತವು. 2019ರ 5ಜಿ ಹರಾಜು 497 ಸುತ್ತುಗಳ ಬಳಿಕ ಸುಮಾರು 655 ಕೋಟಿ ಯೂರೊಗೆ ಮುಗಿಯಿತು. ಇಷ್ಟು ಹಣ ತೆತ್ತ ಕಂಪನಿ ಮೊದಲು ಜನ ಒತ್ತಾಗಿರುವ ಊರುಗಳಲ್ಲೇ ಟವರು ನಿಲ್ಲಿಸುತ್ತದೆ ಎಂಬುದು ಊಹಿಸಬಹುದಾದ ಸಂಗತಿ. ಅದಕ್ಕಿಂತ ಮುಖ್ಯವಾದದ್ದು, ಸರ್ಕಾರ ಹಾಕಿದ ಷರತ್ತನ್ನು ಅಳೆದ ಬಗೆ. 2022ರ ಕೊನೆಯೊಳಗೆ ಶೇಕಡಾ 98ರಷ್ಟು ಮನೆಗಳಿಗೆ ಸೆಕೆಂಡಿಗೆ 100 ಮೆಗಾಬಿಟ್ ವೇಗ ಮುಟ್ಟಿಸಬೇಕೆಂದು ಹೇಳಲಾಗಿತ್ತು. ಲೆಕ್ಕ ಹಿಡಿದದ್ದು ಮನೆಗಳನ್ನು, ನೆಲವನ್ನಲ್ಲ. ದೊಡ್ಡ ರಸ್ತೆಗಳಿಗೂ ಹೆಚ್ಚು ಪ್ರಯಾಣಿಕರಿರುವ ರೈಲುಮಾರ್ಗಗಳಿಗೂ ಬೇರೆ ಷರತ್ತುಗಳಿದ್ದವಾದರೂ, ಕಾಡಿನ ದಾರಿ, ಎರಡು ಹಳ್ಳಿಗಳ ನಡುವಿನ ಕಣಿವೆ, ಸಣ್ಣ ರೈಲುಮಾರ್ಗದ ತಿರುವು ಇವೆಲ್ಲ ಆ ಲೆಕ್ಕದ ಆಚೆ ಉಳಿದವು. 2025ರ ಮಾರ್ಚ್‌ನಲ್ಲಿ ಈ ಕ್ಷೇತ್ರದ ನಿಯಂತ್ರಣ ಸಂಸ್ಥೆಯಾದ ಬುಂಡೆಸ್‌ನೆಟ್ಸ್‌ಅಗೆಂಟೂರ್ ಮೊದಲ ಸಲ ನೆಲದ ಲೆಕ್ಕಕ್ಕೆ ತಿರುಗಿ, 2030ರಿಂದ ದೇಶದ ಭೂಪ್ರದೇಶದ ಶೇಕಡಾ 99.5ರಲ್ಲಿ 50 ಮೆಗಾಬಿಟ್ ವೇಗ ಇರಬೇಕೆಂದು ಹೇಳಿದೆ. ಅಲ್ಲಿಯವರೆಗಿನ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು ದೋಷ ಎಲ್ಲಿದೆಯೆಂದು ಹುಡುಕಿ

‘ನೆಟ್ ಬರುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ರೋಗಗಳಿರುತ್ತವೆ, ಮತ್ತು ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ರೋಗ ತಿಳಿಯುವ ಮೊದಲೇ ಸಿಮ್ ಬದಲಿಸಿ, ಅದೂ ಕೈಕೊಟ್ಟಾಗ ಮತ್ತೊಂದಕ್ಕೆ ಹಣ ಕಟ್ಟುವುದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಡೇಟಾ ಉಳಿದಿದೆಯೇ ಎಂಬುದನ್ನು. ಭಾರತದಲ್ಲಿ ದಿನಕ್ಕೆ ಇಂತಿಷ್ಟು ಜಿಬಿ ಎಂಬ ಲೆಕ್ಕಕ್ಕೆ ನಾವು ಒಗ್ಗಿಹೋಗಿದ್ದೇವೆ. ರಾತ್ರಿ ಹನ್ನೆರಡಕ್ಕೆ ಲೆಕ್ಕ ಮತ್ತೆ ಶುರುವಾಗುತ್ತದೆ. ಇಲ್ಲಿ ಲೆಕ್ಕವಿರುವುದು ತಿಂಗಳಿಗೆ ಅಥವಾ ನಾಲ್ಕು ವಾರಕ್ಕೆ. ಅದು ಮುಗಿದ ಮೇಲೆ ಸಂಪರ್ಕ ಪೂರ್ತಿ ಕಡಿದುಹೋಗುವುದಿಲ್ಲ, ಬದಲಿಗೆ ವೇಗವನ್ನು ಸೆಕೆಂಡಿಗೆ 64 ಅಥವಾ 32 ಕಿಲೊಬಿಟ್‌ಗೆ ಇಳಿಸುತ್ತಾರೆ. ಆಗ ಮೇಲುಗಡೆ ಕಡ್ಡಿಗಳೆಲ್ಲ ತುಂಬಿಯೇ ಕಾಣಿಸುತ್ತವೆ, 5ಜಿ ಎಂದೂ ಬರೆದಿರುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ನೆಟ್‌ವರ್ಕ್ ಹಾಳಾಗುತ್ತದೆ ಎಂದು ದೂರುವವರ ಫೋನಿನಲ್ಲಿ ಬಹುಪಾಲು ಇದೇ ಆಗಿರುತ್ತದೆ. ಕಂಪನಿಯ ಆ್ಯಪ್ ತೆರೆದು ಉಳಿದ ಡೇಟಾ ನೋಡುವುದಕ್ಕೆ ಒಂದು ನಿಮಿಷ ಸಾಕು.

ಎರಡನೆಯದು ಫೋನಿನದೇ ದೋಷ, ಮತ್ತು ಊರಿನಿಂದ ಫೋನು ತಂದವರು ಇದನ್ನು ಗಮನವಿಟ್ಟು ಓದಬೇಕು. ಜರ್ಮನಿಯ ಹಳ್ಳಿಗಾಡಿನಲ್ಲಿ 4ಜಿ ಸಿಗ್ನಲ್ ದೂರದವರೆಗೆ ಬರುವುದು ಬಹುತೇಕ 800 ಮೆಗಾಹರ್ಟ್ಸ್ ಅಲೆಯಲ್ಲಿ. ತಾಂತ್ರಿಕ ಪಟ್ಟಿಯಲ್ಲಿ ಅದಕ್ಕೆ ಬ್ಯಾಂಡ್ 20 ಎನ್ನುತ್ತಾರೆ. ಕಡಿಮೆ ಆವರ್ತನದ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಒಂದಿಷ್ಟು ತೂರುತ್ತದೆ. 1800 ಅಥವಾ 2600 ಮೆಗಾಹರ್ಟ್ಸ್‌ನ ಅಲೆ ವೇಗ ಕೊಡುತ್ತದೆ, ಆದರೆ ಅಷ್ಟು ದೂರ ಬರುವುದಿಲ್ಲ. ಭಾರತದ 4ಜಿ ನಡೆಯುವುದು ಮುಖ್ಯವಾಗಿ 1, 3, 5, 8, 40, 41ನೇ ಬ್ಯಾಂಡುಗಳಲ್ಲಿ, ಆದ್ದರಿಂದ ಭಾರತದ ಮಾರುಕಟ್ಟೆಗೆಂದು ತಯಾರಾದ ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಬ್ಯಾಂಡ್ 20 ಇರುವುದೇ ಇಲ್ಲ. ಅಂಥ ಫೋನು ಮ್ಯೂನಿಕ್ ನಗರದಲ್ಲಿ ಚೆನ್ನಾಗಿ ನಡೆದು, ಹಾರ್ಟ್ಸ್ ಬೆಟ್ಟದ ಕ್ಲೌಸ್ಟಾಲ್‌ಗೆ ಓದಲು ಹೋದವರ ಕೈಯಲ್ಲಿ ಸುಮ್ಮನಾಗುತ್ತದೆ. ತಯಾರಕರ ತಾಣದಲ್ಲಿ ನಿಮ್ಮ ಫೋನಿನ ನಿಖರ ಮಾದರಿ ಸಂಖ್ಯೆ ಹಾಕಿ ಬ್ಯಾಂಡುಗಳ ಪಟ್ಟಿ ನೋಡಿ. ಒಂದೇ ಹೆಸರಿನ ಫೋನಿಗೆ ದೇಶದಿಂದ ದೇಶಕ್ಕೆ ಪಟ್ಟಿ ಬೇರೆ ಇರುತ್ತದೆ. ಅದರಲ್ಲಿ 20 ಇಲ್ಲದಿದ್ದರೆ ಸಿಮ್ ಬದಲಿಸಿದರೂ ಹೆಚ್ಚಿನ ಪ್ರಯೋಜನ ಸಿಗದಿರಬಹುದು. ಯುರೋಪಿನ ಮಾದರಿಯ ಹಳೆಯ ಫೋನೊಂದನ್ನು ಕೊಳ್ಳುವುದೇ ಅಗ್ಗದ ದಾರಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಜರ್ಮನಿಯಲ್ಲಿ 3ಜಿ ಸೇವೆಯನ್ನು 2021ರಲ್ಲಿ ಮುಚ್ಚಲಾಯಿತು. ಹಾಗಾಗಿ 4ಜಿ ಮೇಲೆ ಕರೆ ಮಾಡುವ ವೋಲ್ಟಿ ಸೌಲಭ್ಯ ನಿಮ್ಮ ಫೋನಿನಲ್ಲಿ ಇಲ್ಲಿನ ಕಂಪನಿಯೊಂದಿಗೆ ಹೊಂದಿಕೊಳ್ಳದಿದ್ದರೆ, ಕರೆ ಬಂದ ಕೂಡಲೇ ಫೋನು ನೇರವಾಗಿ 2ಜಿಗೆ ಜಾರುತ್ತದೆ, ಇಂಟರ್ನೆಟ್ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆನ್ ಆಗಿದೆಯೇ, ಫೋನಿನ ತಂತ್ರಾಂಶ ಹೊಸದೇ ಎಂಬುದನ್ನು ನೋಡಿಕೊಳ್ಳಿ.

ಮೂರನೆಯದು ಜಾಗದ ದೋಷ. ಇದನ್ನು ಅಳೆಯಲು ಕಡ್ಡಿಗಳನ್ನು ನಂಬಬೇಡಿ, ಸಂಖ್ಯೆಯನ್ನು ನೋಡಿ. ಆ್ಯಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ನ ‘ಫೋನಿನ ಬಗ್ಗೆ’ ಎಂಬ ಭಾಗದಲ್ಲಿ ಸಿಮ್ ಸ್ಥಿತಿ ತೆರೆದರೆ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆಗುಂಡಿ ಅದುಮಿದರೆ ಅದೇ ಮಾಹಿತಿ ಬರುತ್ತದೆ. 4ಜಿಯಲ್ಲಿ ಈ ಸಂಖ್ಯೆ ಮೈನಸ್ 80ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, ಮೈನಸ್ 100ರಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ, ಮೈನಸ್ 110 ದಾಟಿದರೆ ಕರೆ ತುಂಡಾಗತೊಡಗುತ್ತದೆ, 120ಕ್ಕೆ ಹೋದರೆ ಸಿಗ್ನಲ್ ಇಲ್ಲವೆಂದೇ ತಿಳಿಯಬೇಕು. ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದು, ಪ್ರತಿ ಕೋಣೆಯಲ್ಲಿ, ಪ್ರತಿ ಕಿಟಕಿಯ ಬಳಿ ಬಂದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ನಾನು ಹೀಗೆ ಮಾಡಿದಾಗ ಮಲಗುವ ಕೋಣೆಯಲ್ಲಿ ಮೈನಸ್ 119, ಅಡುಗೆಮನೆಯ ಕಿಟಕಿಯ ಮೇಲೆ ಮೈನಸ್ 98 ಬಂತು. ಅಪ್ಪನ ಸುದ್ದಿ ಬರುವ ಮೊದಲೇ ಈ ಹಾಳೆ ನನ್ನಲ್ಲಿದ್ದಿದ್ದರೆ ಫೋನನ್ನು ಅಡುಗೆಮನೆಯಲ್ಲಿ ಇಟ್ಟು ಮಲಗುತ್ತಿದ್ದೆ.

ನಾಲ್ಕನೆಯದು ಗಳಿಗೆಯ ದೋಷ. ಸಿಗ್ನಲ್ ಬಲವಾಗಿದ್ದೂ ಸಂಜೆಯ ಹೊತ್ತು ಮಾತ್ರ ವೇಗ ಬಿದ್ದರೆ ಅದು ಟವರಿನ ಮೇಲಿನ ಜನಸಂದಣಿ. ಫೋನು ದುರ್ಬಲ 5ಜಿಗೂ 4ಜಿಗೂ ನಡುವೆ ತುಯ್ದಾಡುತ್ತಿದ್ದರೂ ಹೀಗೇ ಆಗುತ್ತದೆ. 5ಜಿಯನ್ನು ಆಫ್ ಮಾಡಿ 4ಜಿಯಲ್ಲೇ ನಿಲ್ಲಿಸಿ ನೋಡಿ. ಕಣಿವೆಯ ಊರುಗಳಲ್ಲಿ ಇದರಿಂದ ಆಗುವ ಅನುಕೂಲ ದೊಡ್ಡದು, ಬ್ಯಾಟರಿಯೂ ಉಳಿಯುತ್ತದೆ. ಫ್ಲೈಟ್ ಮೋಡ್ ಹಾಕಿ ಹತ್ತು ಸೆಕೆಂಡು ಬಿಟ್ಟು ತೆಗೆಯುವುದು ಹಳೆಯ ಉಪಾಯವಾದರೂ ಅದರಲ್ಲಿ ಅರ್ಥವಿದೆ; ಫೋನು ದೂರದ ಟವರನ್ನು ಬಿಟ್ಟು ಹತ್ತಿರದ್ದನ್ನು ಹುಡುಕಿಕೊಳ್ಳುತ್ತದೆ.

ಮನೆಯೊಳಗೆ

ಜರ್ಮನಿಯ ಮನೆಗಳನ್ನು ಚಳಿಗೆಂದು ಕಟ್ಟಿರುತ್ತಾರೆ. ಕಿಟಕಿಗಳ ಜೋಡಿ ಗಾಜಿನ ಮೇಲೆ ಶಾಖ ಹೊರಹೋಗದಂತೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವಿರುತ್ತದೆ, ಮತ್ತು ಶಾಖವನ್ನು ತಡೆಯುವ ಅದೇ ಲೇಪ ರೇಡಿಯೊ ಅಲೆಯನ್ನೂ ತಡೆಯುತ್ತದೆ. ಆದ್ದರಿಂದ ಕಿಟಕಿ ತೆರೆದಾಗ ಕರೆ ಸ್ಪಷ್ಟವಾಗಿ, ಮುಚ್ಚಿದಾಗ ಕಡಿಯುವುದು ನಿಮ್ಮ ಭ್ರಮೆಯಲ್ಲ. ನೆಲಮಾಳಿಗೆಯ ಕೋಣೆ ಅಗ್ಗಕ್ಕೆ ಸಿಗುತ್ತದೆಂದು ಹಿಡಿಯುವ ವಿದ್ಯಾರ್ಥಿಗಳು ಬಾಡಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಕೋಣೆಯಲ್ಲಿ ನಿಂತು ಸಂಖ್ಯೆ ನೋಡಲೇಬೇಕು.

ಮನೆಗೆ ಲ್ಯಾಂಡ್‌ಲೈನ್ ಇಂಟರ್ನೆಟ್ ಬಂದ ಮೇಲೆ ಒಳಗಿನ ಸಮಸ್ಯೆ ಬಹುಪಾಲು ತೀರುತ್ತದೆ, ಷರತ್ತೆಂದರೆ ವೈಫೈ ಕಾಲಿಂಗ್ ಆನ್ ಮಾಡಿರಬೇಕು. ಇಲ್ಲಿ ಅದನ್ನು ‘ವೇಲಾನ್ ಕಾಲ್’ ಎನ್ನುತ್ತಾರೆ. ಇದು ವಾಟ್ಸ್‌ಆ್ಯಪ್ ಕರೆಯಲ್ಲ; ನಿಮ್ಮ ಮಾಮೂಲಿ ಸಂಖ್ಯೆಗೆ ಬರುವ ಮಾಮೂಲಿ ಕರೆಯೇ ಮನೆಯ ವೈಫೈ ಮೂಲಕ ಬಂದು ಮುಟ್ಟುತ್ತದೆ. ಎಲ್ಲ ಅಗ್ಗದ ಸಿಮ್‌ಗಳಲ್ಲಿಯೂ ಈ ಸೌಲಭ್ಯ ಇರುವುದಿಲ್ಲವಾದ್ದರಿಂದ ಕೊಳ್ಳುವ ಮೊದಲೇ ವಿಚಾರಿಸಿ. ಲ್ಯಾಂಡ್‌ಲೈನ್ ಸಂಪರ್ಕಕ್ಕೆ ಅರ್ಜಿ ಹಾಕಿದ ಮೇಲೆ ತಂತ್ರಜ್ಞರು ಬರುವುದಕ್ಕೆ ಹಲವು ವಾರ ಹಿಡಿಯಬಹುದು. ಆ ನಡುವಿನ ದಿನಗಳಿಗೆ ಸಿಮ್ ಹಾಕುವ ರೂಟರೊಂದನ್ನು, ನಿಮ್ಮ ನಕ್ಷೆಯಲ್ಲಿ ಒಳ್ಳೆಯ ಸಂಖ್ಯೆ ಬಂದ ಕಿಟಕಿಯ ಮೇಲಿಟ್ಟರೆ ಉಳಿದ ಕೋಣೆಗಳಿಗೆ ವೈಫೈ ಸಿಗುತ್ತದೆ. ಹೊರಗೆ ಆಂಟೆನಾ ಜೋಡಿಸುವ ಕಿಂಡಿಯಿರುವ ರೂಟರ್ ಇನ್ನೂ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಂತರ್ಜಾಲದ ಅಂಗಡಿಗಳಲ್ಲಿ ‘ಸಿಗ್ನಲ್ ಬೂಸ್ಟರ್’ ಎಂದು ಮಾರುವ ರಿಪೀಟರ್ ಯಂತ್ರಗಳನ್ನು ತರಬೇಡಿ. ಆ ತರಂಗಾಂತರಗಳು ಕಂಪನಿಗಳಿಗೆ ಹಂಚಿಕೆಯಾದವು. ಕಂಪನಿಯ ಅನುಮತಿಯಿಲ್ಲದೆ ಖಾಸಗಿಯವರು ಅಂಥ ಯಂತ್ರ ನಡೆಸುವುದು ಜರ್ಮನಿಯಲ್ಲಿ ಕಾನೂನುಬಾಹಿರ, ಭಾರತದಲ್ಲಿಯೂ ಅಷ್ಟೇ. ಕೆಟ್ಟ ಬೂಸ್ಟರ್ ಇಡೀ ಬೀದಿಯ ಸಿಗ್ನಲ್ಲನ್ನು ಕೆಡಿಸುತ್ತದೆ.

ವಿಶ್ವವಿದ್ಯಾಲಯದವರಿಗೆ ಎಡುರೋಮ್ ಎಂಬ ವೈಫೈ ಇದೆ. ನಿಮ್ಮ ವಿಶ್ವವಿದ್ಯಾಲಯದ ಲಾಗಿನ್ ಬೇರೆ ಊರಿನ, ಬೇರೆ ದೇಶದ ವಿಶ್ವವಿದ್ಯಾಲಯಗಳಲ್ಲಿಯೂ ನಡೆಯುತ್ತದೆ. ಊರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಸ್ವಯಂಸೇವಕರು ನಡೆಸುವ ಫ್ರೈಫುಂಕ್ ಕೇಂದ್ರಗಳಲ್ಲಿ ಉಚಿತ ವೈಫೈ ಸಿಗುತ್ತದೆ. ಹೋಟೆಲುಗಳಲ್ಲಿ ಈ ಪದ್ಧತಿ ತಡವಾಗಿ ಬೆಳೆಯಿತು. 2017ರಲ್ಲಿ ಕಾನೂನು ತಿದ್ದುವವರೆಗೆ, ಗಿರಾಕಿ ವೈಫೈ ಬಳಸಿ ಮಾಡಿದ ತಪ್ಪಿಗೆ ಅಂಗಡಿಯವನೂ ಹೊಣೆಯಾಗಬೇಕಾದ ಭಯವಿತ್ತು.

ಸಿಮ್ ಮತ್ತು ಕರಾರು

ಅಂಗಡಿಯಲ್ಲಿ ಇಪ್ಪತ್ತು ಹೆಸರಿನ ಸಿಮ್‌ಗಳು ಕಂಡರೂ ಅವುಗಳ ಹಿಂದಿರುವ ಮುಖ್ಯ ಜಾಲಗಳು ಮೂರೇ: ಟೆಲಿಕಾಮ್, ವೊಡಾಫೋನ್ ಮತ್ತು ಒ2. ನಾಲ್ಕನೆಯದಾದ 1 ಉಂಟ್ 1 ತನ್ನದೇ ಜಾಲವನ್ನು ಕಟ್ಟುತ್ತಿದ್ದು, ತನ್ನ ಟವರು ಇಲ್ಲದ ಕಡೆ ವೊಡಾಫೋನ್ ಜಾಲವನ್ನು ಆಶ್ರಯಿಸುತ್ತದೆ. ಆಲ್ಡಿ ಟಾಕ್ ನಡೆಯುವುದು ಒ2 ಮೇಲೆ, ಲೀಡ್ಲ್ ಕನೆಕ್ಟ್ ವೊಡಾಫೋನ್ ಮೇಲೆ, ಕಾಂಗ್‌ಸ್ಟಾರ್ ಟೆಲಿಕಾಮ್ ಮೇಲೆ. ಇದು ಗೊತ್ತಿಲ್ಲದೆ ಒಂದೇ ಜಾಲದ ಎರಡು ಸಿಮ್ ಕೊಂಡು, ಎರಡೂ ಒಟ್ಟಿಗೇ ಸತ್ತಾಗ ಕಂಗಾಲಾದವರನ್ನು ನಾನು ಕಂಡಿದ್ದೇನೆ. ಎರಡನೆಯ ಸಿಮ್ ಇಟ್ಟುಕೊಳ್ಳುವುದಾದರೆ ಅದು ಬೇರೆ ಜಾಲದ್ದೇ ಆಗಿರಬೇಕು. ತಿಂಗಳಿಗೆ ಬಾಡಿಗೆಯಿಲ್ಲದ, ಬಳಸಿದಷ್ಟಕ್ಕೆ ಹಣ ಕಡಿಯುವ ಪ್ರಿಪೇಯ್ಡ್ ಸಿಮ್ ಇದಕ್ಕೆ ಸಾಕು. 2017ರ ಜುಲೈಯಿಂದ ಪ್ರಿಪೇಯ್ಡ್ ಸಿಮ್‌ಗೂ ಗುರುತಿನ ಪರಿಶೀಲನೆ ಕಡ್ಡಾಯವಾದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿ. ವೀಡಿಯೊ ಮೂಲಕ ನಡೆಯುವ ಪರಿಶೀಲನೆಗೆ ಒಳ್ಳೆಯ ವೈಫೈ ಬೇಕು, ಅದಿಲ್ಲದಿದ್ದರೆ ಅಂಚೆ ಕಚೇರಿಯಲ್ಲಿ ಮಾಡಿಸಿಕೊಳ್ಳುವ ದಾರಿಯನ್ನು ಆರಿಸಿಕೊಳ್ಳಿ.

ನಿಮ್ಮ ಬೀದಿಯಲ್ಲಿ ಯಾವ ಜಾಲ ಗಟ್ಟಿಯೆಂದು ತಿಳಿಯಲು ಬುಂಡೆಸ್‌ನೆಟ್ಸ್‌ಅಗೆಂಟೂರ್ ನಡೆಸುವ ಬ್ರೈಟ್‌ಬಾಂಡ್ ಮಾನಿಟರ್ ತಾಣದ ನಕ್ಷೆ ನೋಡಿ. ಕಂಪನಿಗಳ ಜಾಹೀರಾತಿನ ನಕ್ಷೆಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ. ಆದರೂ ನಕ್ಷೆ ಹೇಳುವುದು ಬಯಲಿನ ಸ್ಥಿತಿಯನ್ನು, ಗೋಡೆಯೊಳಗಿನದನ್ನಲ್ಲ. ನೆರೆಮನೆಯವರನ್ನು ಕೇಳುವುದೇ ಎಲ್ಲಕ್ಕಿಂತ ಒಳ್ಳೆಯ ವಿಧಾನ ಎಂಬುದು ನನ್ನ ಅನುಭವ. ‘ನಿಮ್ಮಲ್ಲಿ ಯಾವ ನೆಟ್‌ವರ್ಕ್ ಸಿಗುತ್ತದೆ’ ಎಂಬ ಪ್ರಶ್ನೆಗೆ ಇಲ್ಲಿನ ಅಜ್ಜಿಯರು ಕೂಡ ಕೋಣೆಕೋಣೆಯ ವಿವರ ಸಹಿತ ಉತ್ತರಿಸುತ್ತಾರೆ.

ಮೊದಲ ತಿಂಗಳಲ್ಲೇ 24 ತಿಂಗಳ ಕರಾರಿಗೆ ಸಹಿ ಹಾಕಬೇಡಿ. ತಿಂಗಳಿಗೊಮ್ಮೆ ನಿಲ್ಲಿಸಬಹುದಾದ ಯೋಜನೆಯಲ್ಲಿ ಪ್ರಾರಂಭಿಸಿ, ಮನೆ, ಕಾಲೇಜು, ದಾರಿ ಮೂರರಲ್ಲೂ ಪರೀಕ್ಷಿಸಿ ನೋಡಿ. ಕರಾರು ಮಾಡುವುದೇ ಆದರೆ ಅಂಗಡಿಗೆ ಹೋಗಿ ಮಾಡುವುದಕ್ಕಿಂತ ಆನ್‌ಲೈನ್‌ನಲ್ಲಿ ಮಾಡುವುದು ಕ್ಷೇಮ. ಆನ್‌ಲೈನ್ ಅಥವಾ ಫೋನ್ ಮೂಲಕ ಮಾಡಿದ ಕರಾರನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತೆಗೆದುಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ, ಅಂಗಡಿಯ ಮೇಜಿನ ಮೇಲೆ ಹಾಕಿದ ಸಹಿಗೆ ಆ ಹಕ್ಕು ಇಲ್ಲ. ಆ 14 ದಿನಗಳನ್ನು ಪರೀಕ್ಷೆಯ ಕಾಲವೆಂದೇ ಬಳಸಿಕೊಳ್ಳಿ. 2021ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಬರಬಹುದು. ಹಿಂದೆ ಇದ್ದಂತೆ ತಾನೇ ತಾನಾಗಿ ಇನ್ನೊಂದು ವರ್ಷ ಮುಂದುವರಿಯುವ ಪದ್ಧತಿ ಈಗ ಇಲ್ಲ. ಸಂಖ್ಯೆಯನ್ನು ಬದಲಿಸದೆ ಕಂಪನಿ ಬದಲಿಸುವುದಕ್ಕೂ ಅವಕಾಶವಿದೆ.

ದಾರಿಯಲ್ಲಿ

ರಾಷ್ಟಾಟ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ಗೆ ಮುರ್ಗ್ ನದಿಯ ಕಣಿವೆಯಲ್ಲಿ ಹತ್ತಿ ಬರುವ ರೈಲು ಸುರಂಗಗಳನ್ನು ದಾಟುತ್ತ ಬರುತ್ತದೆ. ನೋಟ ಅಷ್ಟು ಚೆಂದ, ಸಿಗ್ನಲ್ ಅಷ್ಟು ಕಷ್ಟ. ವೇಗದ ಐಸಿಇ ರೈಲುಗಳಲ್ಲಿ ಉಚಿತ ವೈಫೈ ಇದೆ, ಆದರೆ ಅದೂ ಹೊರಗಿನ ಮೊಬೈಲ್ ಟವರುಗಳಿಂದಲೇ ಬರುವುದರಿಂದ ಹೊರಗೆ ಇಲ್ಲದಿದ್ದರೆ ಒಳಗೂ ಇಲ್ಲ. ರೈಲಿನ ಕಿಟಕಿಗೂ ಮನೆಯ ಕಿಟಕಿಯಂತೆ ಲೋಹದ ಲೇಪವಿತ್ತು. ಈಗ ಲೇಸರ್‌ನಿಂದ ಆ ಲೇಪದಲ್ಲಿ ಸೂಕ್ಷ್ಮ ಗೆರೆಗಳನ್ನು ಕೊರೆದು ಅಲೆಗೆ ದಾರಿ ಬಿಡುವ ಕೆಲಸ ನಡೆದಿದೆ.

ಆದ್ದರಿಂದ ಪ್ರಯಾಣಕ್ಕೆ ಬೇಕಾದದ್ದೆಲ್ಲ ಹೊರಡುವ ಮೊದಲೇ ಫೋನಿನೊಳಗೆ ಇಳಿದಿರಬೇಕು. 2023ರ ಮೇ ತಿಂಗಳಿಂದ ಬಂದಿರುವ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಸ್ಥಳೀಯ ಬಸ್ಸು, ರೈಲುಗಳಲ್ಲಿ ನಡೆಯುವ ತಿಂಗಳ ಪಾಸು, ಬಹುತೇಕರ ಬಳಿ ಆ್ಯಪ್ ರೂಪದಲ್ಲೇ ಇರುತ್ತದೆ. ತಿಂಗಳ ಮೊದಲ ದಿನ ಹೊಸ ತಿಂಗಳ ಟಿಕೆಟ್ ಆ್ಯಪ್‌ನಲ್ಲಿ ಇಳಿಯುವುದಕ್ಕೆ ಇಂಟರ್ನೆಟ್ ಬೇಕು. ಒಂದನೆಯ ತಾರೀಖು ಬೆಳಿಗ್ಗೆ ಮನೆಯ ವೈಫೈಯಲ್ಲೇ ಆ್ಯಪ್ ತೆರೆದು ಟಿಕೆಟ್ ಕಾಣುತ್ತಿದೆಯೇ ಎಂದು ನೋಡದೆ ರೈಲು ಹತ್ತಬೇಡಿ. ‘ನೆಟ್ ಇಲ್ಲ’ ಎಂಬುದನ್ನು ಟಿಕೆಟ್ ತಪಾಸಕರು ಕಾರಣವಾಗಿ ಒಪ್ಪಬೇಕಾಗಿಲ್ಲ. ನೀವು ಕೊಳ್ಳುವ ಸಂಸ್ಥೆ ಚಿಪ್ ಕಾರ್ಡ್ ರೂಪದಲ್ಲಿ ಟಿಕೆಟ್ ಕೊಡುವುದಾದರೆ ಅದನ್ನೇ ಕೇಳಿ ಪಡೆಯಿರಿ. ಕಾರ್ಡಿಗೆ ಸಿಗ್ನಲ್ಲೂ ಬೇಡ, ಚಾರ್ಜೂ ಬೇಡ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಜಿಲ್ಲೆಯ ನಕ್ಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ, ಅನುವಾದದ ಆ್ಯಪ್‌ನಲ್ಲಿ ಜರ್ಮನ್ ಭಾಷೆಯನ್ನೂ ಹಾಗೆಯೇ. ಜೇಬಿನಲ್ಲಿ ಐವತ್ತು ಯೂರೊ ನಗದು ಇರಲಿ.

ಕಾಡಿನಲ್ಲಿ ನಡೆಯುವ ಅಭ್ಯಾಸವಿರುವವರು ಎರಡು ಸಂಗತಿ ತಿಳಿದಿರಬೇಕು. ತುರ್ತು ಸಂಖ್ಯೆ 112ಕ್ಕೆ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವ ಕಂಪನಿಯ ಸಿಗ್ನಲ್ ಸಿಕ್ಕರೂ ಕರೆ ಹೋಗುತ್ತದೆ. ಆದರೆ 2009ರಿಂದ ಜರ್ಮನಿಯಲ್ಲಿ ಸಿಮ್ ಇಲ್ಲದ ಫೋನಿನಿಂದ 112 ಹೋಗುವುದಿಲ್ಲ, ಆದ್ದರಿಂದ ಸಿಮ್ ತೆಗೆದ ಹಳೆಯ ಫೋನನ್ನು ಆಪತ್ಕಾಲಕ್ಕೆಂದು ನಂಬಬೇಡಿ. ಎರಡನೆಯದು, ಕಾಡಿನ ದಾರಿಗಳಲ್ಲಿ ‘ರೆಟುಂಗ್ಸ್‌ಪುಂಕ್ಟ್’ ಎಂಬ ಫಲಕಗಳಿರುತ್ತವೆ. ಅದರ ಮೇಲಿನ ಸಂಖ್ಯೆಯನ್ನು ಹೇಳಿದರೆ ಸಹಾಯದವರು ನೇರ ಆ ಜಾಗಕ್ಕೆ ಬರುತ್ತಾರೆ. ದಾರಿಯಲ್ಲಿ ಕಂಡ ಪ್ರತಿ ಫಲಕದ ಚಿತ್ರ ತೆಗೆದುಕೊಳ್ಳುವುದು ನನ್ನ ರೂಢಿ.

ಬ್ಯಾಂಕು ಮತ್ತು ಊರಿನ ಒಟಿಪಿ

ನಮ್ಮವರನ್ನು ಅತಿ ಹೆಚ್ಚು ಗೋಳಾಡಿಸುವುದು ಇದೇ. ಭಾರತದ ಬ್ಯಾಂಕು ಕಳಿಸುವ ಒಟಿಪಿ ಭಾರತದ ಸಂಖ್ಯೆಗೆ ಬರುತ್ತದೆ, ಅದು ಕೆಲವೇ ನಿಮಿಷಗಳಲ್ಲಿ ಹಳಸುತ್ತದೆ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಹತ್ತು ದೇಶಗಳ ಸಂಖ್ಯೆಗಳನ್ನು ಅನಿವಾಸಿಗಳ ಯುಪಿಐಗೆ ಜೋಡಿಸಲು ಅನುಮತಿ ಕೊಟ್ಟಾಗ ಆ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಆದ್ದರಿಂದ ಊರಿನ ಸಿಮ್ಮನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಅನಿವಾರ್ಯ.

ಊರು ಬಿಡುವ ಮೊದಲೇ ಆ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಒಳಬರುವ ಸಂದೇಶಕ್ಕೆ ಶುಲ್ಕವಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅದನ್ನು ಫೋನಿನ ಎರಡನೆಯ ಕಿಂಡಿಯಲ್ಲಿ ಹಾಕಿ, ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿ, ಅದಕ್ಕೆ ಬರುವ ಕರೆಗಳನ್ನು ಎತ್ತಬೇಡಿ; ರೋಮಿಂಗ್‌ನಲ್ಲಿ ಎತ್ತಿದ ಕರೆಗೆ ಹಣ ಕಡಿಯುತ್ತದೆ. ಭಾರತದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದಂತೆ 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದಾದ್ದರಿಂದ ರೀಚಾರ್ಜ್ ದಿನಾಂಕವನ್ನು ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಒಪ್ಪಿಸಿಬಿಡಿ. ಈ ಸಿಮ್‌ನದೊಂದು ಗುಣವಿದೆ: ರೋಮಿಂಗ್‌ನಲ್ಲಿರುವುದರಿಂದ ಅದು ಒಂದೇ ಜಾಲಕ್ಕೆ ಕಟ್ಟುಬಿದ್ದಿಲ್ಲ. ಒಟಿಪಿ ಬಾರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ‘ಸ್ವಯಂಚಾಲಿತ’ದಿಂದ ತೆಗೆದು, ಇನ್ನೊಂದು ಜರ್ಮನ್ ಜಾಲವನ್ನು ನೀವೇ ಆರಿಸಿ. ನನ್ನ ಮನೆಯಲ್ಲಿ ನಿಂತುಹೋಗಿದ್ದ ಸಂದೇಶಗಳು ಹೀಗೆ ಜಾಲ ಬದಲಿಸಿದ ಒಂದೇ ನಿಮಿಷದಲ್ಲಿ ಬಂದು ಬಿದ್ದದ್ದುಂಟು. ಸಂದೇಶಕ್ಕೆ 2ಜಿ ಸಿಗ್ನಲ್ಲೂ ಸಾಕು.

ಜರ್ಮನ್ ಬ್ಯಾಂಕುಗಳು ಒಪ್ಪಿಗೆಗೆ ಆ್ಯಪ್ ಬಳಸುತ್ತವೆ, ಅದಕ್ಕೂ ಇಂಟರ್ನೆಟ್ ಬೇಕು. ಕೆಲವು ಬ್ಯಾಂಕುಗಳು ಚಿಪ್‌ಟಾನ್ ಎಂಬ ಚಿಕ್ಕ ಯಂತ್ರವನ್ನು ಕೊಡುತ್ತವೆ. ಬ್ಯಾಂಕ್ ಕಾರ್ಡನ್ನು ಅದರೊಳಗೆ ತೂರಿಸಿದರೆ ಯಾವ ಸಿಗ್ನಲ್ಲೂ ಇಲ್ಲದೆ ಸಂಕೇತ ಸಂಖ್ಯೆ ಹುಟ್ಟುತ್ತದೆ. ಕಣಿವೆಯಲ್ಲಿರುವವರು ಅದನ್ನು ಕೇಳಿ ಪಡೆಯುವುದು ಒಳ್ಳೆಯದು. ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪಿನ್ ಹಾಕಿ, ಲ್ಯಾಪ್‌ಟಾಪಿಗೂ ಜೋಡಿಸಿಟ್ಟರೆ ಫೋನು ಕೆಟ್ಟ ದಿನವೂ ಮನೆಯವರ ಸಂದೇಶ ಕಾಣುತ್ತದೆ.

ಕೆಲಸದ ಸಂದರ್ಶನ ಅಥವಾ ಮುಖ್ಯ ಸಭೆಯಿದ್ದರೆ ಆಹ್ವಾನಪತ್ರದಲ್ಲಿ ಜರ್ಮನಿಯ ಡಯಲ್ ಇನ್ ಸಂಖ್ಯೆ ಇದೆಯೇ ನೋಡಿ ಬರೆದಿಟ್ಟುಕೊಳ್ಳಿ. ವೀಡಿಯೊ ಕಡಿದರೆ ಮಾಮೂಲಿ ಕರೆಯಾಗಿ ಸೇರಿಕೊಂಡು ಮಾತು ಮುಂದುವರಿಸಬಹುದು.

ದೂರು ಕೊಡುವ ಕ್ರಮ

ಫೋನು ಮಾಡಿ ದೂರಿದರೆ ಸಹಾನುಭೂತಿ ಸಿಗುತ್ತದೆ, ಪರಿಹಾರ ಸಿಗುವುದು ಬರಹಕ್ಕೆ. ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಬ್ರೈಟ್‌ಬಾಂಡ್‌ಮೆಸುಂಗ್ ಆ್ಯಪ್‌ನಿಂದ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ವೇಗವನ್ನು ಅಳೆದು ಫಲಿತಾಂಶ ಉಳಿಸಿಕೊಳ್ಳಿ; ಅದೇ ಆ್ಯಪ್ ಫುಂಕ್‌ಲೊಖ್‌ಗಳನ್ನೂ ದಾಖಲಿಸುತ್ತದೆ. ಬಳಿಕ ದಿನಾಂಕ, ಸ್ಥಳ, ಸಂಖ್ಯೆಗಳ ಸಹಿತ ಕಂಪನಿಗೆ ಪತ್ರ ಬರೆದು, ಸರಿಪಡಿಸಲು ಎರಡು ವಾರದ ನಿರ್ದಿಷ್ಟ ಗಡುವು ಕೊಡಿ. ಉತ್ತರ ಬಾರದಿದ್ದರೆ ಅದೇ ಸಂಸ್ಥೆಯ ಸಂಧಾನ ವಿಭಾಗವಾದ ಶ್ಲಿಖ್ಟುಂಗ್ಸ್‌ಷ್ಟೆಲೆಗೆ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಭಾಷೆಯ ಅಳುಕಿರುವವರು ಗ್ರಾಹಕರ ಸಲಹಾ ಕೇಂದ್ರವಾದ ಫರ್ಬ್ರಾಉಖರ್‌ಸೆಂಟ್ರಾಲೆಯ ನೆರವು ಪಡೆಯಬಹುದು. ನನ್ನ ಮೊದಲ ಕರಾರಿನಿಂದ ಅವಧಿಗೆ ಮುಂಚೆಯೇ ಬಿಡುಗಡೆ ಸಿಕ್ಕಿದ್ದು ಇಂಥ ಒಂದು ಪತ್ರದಿಂದ. ಅದರ ಹಿಂದಿನ ನಾಲ್ಕು ತಿಂಗಳು ಫೋನಿನಲ್ಲಿ ದೂರಿದ್ದು ವ್ಯರ್ಥವಾಗಿತ್ತು.

ಮನೆಗೆ ಫೋನು

ನಮ್ಮ ಕಷ್ಟ ಎರಡು ಪಟ್ಟು, ಏಕೆಂದರೆ ಕರೆಯ ಆ ತುದಿಯಲ್ಲೂ ಮಲೆನಾಡಿನ ಮಳೆಯಿದೆ, ಹೋದ ಕರೆಂಟಿದೆ, ಬ್ಯಾಟರಿ ಮುಗಿದ ಟವರಿದೆ. ಎರಡೂ ತುದಿಯಲ್ಲಿ ಸಿಗ್ನಲ್ ಸೊರಗಿರುವಾಗ ವೀಡಿಯೊ ಕರೆಗೆ ಹಟ ಹಿಡಿಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಕರೆಗೆ ಕಡಿಮೆ ಡೇಟಾ’ ಎಂಬ ಆಯ್ಕೆಯನ್ನು ಆನ್ ಮಾಡಿ, ಬರೀ ಮಾತಿನ ಕರೆ ಮಾಡಿ. ಅದೂ ಕಡಿದರೆ ಧ್ವನಿ ಸಂದೇಶ ಕಳಿಸಿ. ಹಲಸಿನ ಮರದ ಬುಡಕ್ಕೆ ಹೋದಾಗ ಅಮ್ಮನಿಗೆ ಅದು ಮುಟ್ಟುತ್ತದೆ, ಅವಳ ಉತ್ತರವೂ ಹಾಗೆಯೇ ಬರುತ್ತದೆ. ಪೂರ್ತಿ ಐದು ನಿಮಿಷ ತುಂಡಾಗದ ಅವಳ ಮಾತು ಕೇಳುವುದು, ನಿಂತುಹೋದ ಮುಖವನ್ನು ನೋಡುತ್ತ ಕೂರುವುದಕ್ಕಿಂತ ಎಷ್ಟೋ ಮೇಲು.

ತುರ್ತಿಗೆ ಮಾತ್ರ ಬೇರೆ ಏರ್ಪಾಡು ಬೇಕು. ಮನೆಯವರಿಗೆ ನಿಮ್ಮ ಜರ್ಮನ್ ಸಂಖ್ಯೆಯನ್ನು ದೇಶದ ಸಂಕೇತ 0049 ಸಹಿತ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹೇಳಿ, ಅವರ ಒಂದು ಫೋನಿನಲ್ಲಾದರೂ ಹೊರದೇಶಕ್ಕೆ ಕರೆ ಹೋಗುವಂತೆ ಮಾಡಿಸಿಡಿ. ಕೆಳಗೆ ಇನ್ನೂ ಎರಡು ಸಂಖ್ಯೆ ಬರೆಸಿ: ನಿಮ್ಮ ಸಹೋದ್ಯೋಗಿಯದೊಂದು, ನೆರೆಮನೆಯ ಲ್ಯಾಂಡ್‌ಲೈನ್ ಒಂದು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ಜರ್ಮನ್ ಬರುವುದಿಲ್ಲ. ಆದರೂ ‘ಸಿರ್ಸಿ’ ಎಂಬ ಪದ ಕೇಳಿದರೆ ಬಾಗಿಲು ಬಡಿಯಬೇಕೆಂದು ಅವರಿಗೆ ಹೇಳಿಟ್ಟಿದ್ದೇನೆ. ನೀವು ಮನೆಗೆ ಕರೆಯುವುದಕ್ಕೂ ವಾಟ್ಸ್‌ಆ್ಯಪ್ ಒಂದನ್ನೇ ನೆಚ್ಚಬೇಡಿ. ಲೆಬಾರಾ, ಲೈಕಾದಂಥ ಸಿಮ್‌ಗಳಲ್ಲಿ ಅಂತರರಾಷ್ಟ್ರೀಯ ಕರೆಯ ನಿಮಿಷಗಳು ಸಿಗುತ್ತವೆ. ಅಲ್ಲಿ ಡೇಟಾ ಬಿದ್ದುಹೋದಾಗಲೂ ಮಾಮೂಲಿ ಕರೆ ಎಷ್ಟೋ ಸಲ ಹೊಕ್ಕುತ್ತದೆ.

ಕೊನೆಯದಾಗಿ, ಕರೆಗೆ ಒಂದು ಹೊತ್ತು ಗೊತ್ತು ಮಾಡಿ, ಆ ಹೊತ್ತಿಗೆ ನೀವು ಒಳ್ಳೆಯ ಸಂಖ್ಯೆಯ ಕಿಟಕಿಯ ಬಳಿ ಇರಿ. ಚಳಿಗಾಲದಲ್ಲಿ ಜರ್ಮನಿ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಬದಲಾಗುತ್ತದೆ. ಆ ಎರಡು ವಾರಗಳಲ್ಲಿ ಮನೆಯವರಿಗೆ ಮೊದಲೇ ತಿಳಿಸಿಡಿ, ಇಲ್ಲವಾದರೆ ಅವರು ಮಳೆಯಲ್ಲೋ ಚಳಿಯಲ್ಲೋ ಮರದ ಬುಡದಲ್ಲಿ ಒಂದು ಗಂಟೆ ಕಾಯುತ್ತ ನಿಲ್ಲುತ್ತಾರೆ.